ನಗಿಸಲು ಹೊರಡದ ನಟಿ: ಮಾರ್ಗರೆಟ್ ರುದರ್‌ಫರ್ಡ್ ಮತ್ತು ಅಭಿಮಾನಿಗಳ ಅಕ್ಕರೆ



ಜಗತ್ತಿನ ಸಿನಿಮಾ ಕುರಿತು ಕನ್ನಡದಲ್ಲಿ ಗಂಭೀರವಾದ ಮಾತುಕತೆ ನಡೆಯಬೇಕೆಂಬುದು ಈ ದತ್ತಿಯ ಆಶಯ.  ಇಂಥ ವೇದಿಕೆಗಳಲ್ಲಿ ನಾವು ಹೆಚ್ಚಾಗಿ ನಿರ್ದೇಶಕರ ಬಗ್ಗೆ ಮಾತಾಡುತ್ತೇವೆ. ನಟನಟಿಯರ ಪ್ರಸ್ತಾಪ ಬಂದರೂ ಅದು ನಾಯಕ ನಾಯಕಿಯರ ಹತ್ತಿರವೇ ನಿಂತುಬಿಡುತ್ತದೆ. ಇವತ್ತು ನಾನು ಒಬ್ಬ ಪೋಷಕ ನಟಿಯ ಬಗ್ಗೆ ಮಾತಾಡಲು ಬಂದಿದ್ದೇನೆ. ಅವರ ಹೆಸರು ಮಾರ್ಗರೆಟ್ ರುದರ್‌ಫರ್ಡ್. ಹುಟ್ಟಿದ್ದು 1892ರ ಮೇ 11ರಂದು, ಲಂಡನ್ನಿನ ಬ್ಯಾಲಮ್‌ನಲ್ಲಿ. ತೀರಿಕೊಂಡದ್ದು 1972ರ ಮೇ 22ರಂದು.

ಇವರು ಮೊದಲ ಸಲ ಸಿನಿಮಾದಲ್ಲಿ ಕಾಣಿಸಿಕೊಂಡದ್ದು 1936ರಲ್ಲಿ. ಆಗ ವಯಸ್ಸು ನಲವತ್ತನ್ನು ಎಂದೋ ದಾಟಿತ್ತು. ಮಡಿಕೆ ಬಿದ್ದ ಗದ್ದ, ಜೋತ ಕೆನ್ನೆ, ತುಂಬು ಮೈ, ಹೆಗಲ ಮೇಲೆ ದಪ್ಪ ಉಣ್ಣೆಯ ಕೇಪು, ಮಾತಿಗೆ ಮೊದಲೇ ಎದುರಿನವರನ್ನು ತಡೆದು ನಿಲ್ಲಿಸುವ ನೋಟ. ಪ್ರೇಮಕಥೆಯ ನಾಯಕಿಯಾಗುವ ಅವಕಾಶ ಸಿನಿಮಾ ಅವರಿಗೆ ಕೊಡಲಿಲ್ಲ. ಆದರೂ ಅವರು ತೀರಿಕೊಂಡು ಐವತ್ತು ವರ್ಷಗಳ ಮೇಲಾದ ಮೇಲೂ ಅವರ ಕಪ್ಪುಬಿಳುಪು ಚಿತ್ರಗಳನ್ನು ಜನ ಹುಡುಕಿಕೊಂಡು ನೋಡುತ್ತಾರೆ, ನೋಡಿದ್ದನ್ನೇ ಮತ್ತೆ ನೋಡುತ್ತಾರೆ. ಜರ್ಮನಿಯಲ್ಲಿ ಅವರು ಪತ್ತೇದಾರಿಯಾಗಿ ಆಡಿದ ಮಿಸ್ ಮಾರ್ಪಲ್ ಚಿತ್ರಗಳು ಟಿವಿಯಲ್ಲಿ ತಲೆಮಾರುಗಳಿಂದ ಮರುಪ್ರಸಾರವಾಗುತ್ತ ಬಂದಿವೆ. ರಾನ್ ಗುಡ್‌ವಿನ್ ಆ ಚಿತ್ರಗಳಿಗೆ ಕೊಟ್ಟ ಸಂಗೀತದ ಮೊದಲ ನಾಲ್ಕು ಸ್ವರ ಕೇಳಿದರೆ ಸಾಕು, ಗುರುತು ಹಿಡಿಯುವವರು ಅಲ್ಲಿದ್ದಾರೆ. ಬಕಿಂಗ್‌ಹ್ಯಾಮ್‌ಶೈರಿನ ಡೆನ್ಹಮ್, ಆಮರ್‌ಷ್ಯಾಮ್ ಊರುಗಳಿಗೆ ಆ ಚಿತ್ರಗಳ ಮನೆ ಬೀದಿಗಳನ್ನು ನೋಡಲೆಂದೇ ಹೋಗುವವರಿದ್ದಾರೆ. ರೂಪಸಿಯರಿಗೆ, ಶೂರರಿಗೆ ಸಿಗುವ ಆರಾಧನೆಯ ಜಾತಿಗೆ ಸೇರಿದ ಪ್ರೀತಿ ಇದಲ್ಲ. ಮನೆಯ ಹಿರಿಯಳೊಬ್ಬಳ ಮೇಲಿನ ಅಕ್ಕರೆಯಂಥದು. ಇಂಥ ಅಕ್ಕರೆ ಎಲ್ಲಿಂದ ಹುಟ್ಟುತ್ತದೆ, ಅದರಲ್ಲಿ ಏನಿದೆ ಎಂಬುದೇ ಈ ಉಪನ್ಯಾಸದ ವಿಷಯ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ರುದರ್‌ಫರ್ಡ್ ತಾವು ಆಡಿದ ಒಬ್ಬ ಹೆಂಗಸನ್ನೂ ಗೇಲಿ ಮಾಡಲಿಲ್ಲ. ಲೋಕ ನಕ್ಕು ಬದಿಗೆ ಸರಿಸುವ ವಯಸ್ಸಾದ ಒಂಟಿ ಹೆಂಗಸರನ್ನು ಅವರು ಪೂರಾ ನಂಬಿ ಆಡಿದರು. ನೋಡುವವರು ನಕ್ಕರು, ನಗುತ್ತಲೇ ಗೌರವಿಸುವುದನ್ನು ಕಲಿತರು. ಅಭಿಮಾನಿಗಳ ಅಕ್ಕರೆ ಆ ಕಲಿಕೆಗೆ ಸಲ್ಲುವ ಕೃತಜ್ಞತೆ.

ತಡವಾಗಿ ಬಂದ ಕಲಾವಿದೆ

ರುದರ್‌ಫರ್ಡ್ ಬೆಳೆದದ್ದು ಲಂಡನ್ನಿನ ವಿಂಬಲ್ಡನ್ನಿನಲ್ಲಿ, ತಾಯಿಯ ಅಕ್ಕತಂಗಿಯರಲ್ಲೊಬ್ಬರಾದ ಬೆಸ್ಸಿ ನಿಕಲ್ಸನ್ ಅವರ ಆಸರೆಯಲ್ಲಿ. ಓದು ಮುಗಿದ ಮೇಲೆ ವರ್ಷಗಟ್ಟಲೆ ಮಕ್ಕಳಿಗೆ ಪಿಯಾನೊ ಹೇಳಿಕೊಟ್ಟರು, ಉಚ್ಚಾರಣೆಯ ಪಾಠ ಮಾಡಿದರು. ರಂಗಭೂಮಿಯ ಆಸೆ ಮಾತ್ರ ಒಳಗೇ ಇತ್ತು. ಬೆಸ್ಸಿ ತೀರಿಕೊಂಡ ಮೇಲೆ ಕೈಗೆ ಬಂದ ಅಲ್ಪಸ್ವಲ್ಪ ಆಸ್ತಿಯ ಬಲದಿಂದ 1925ರಲ್ಲಿ ಓಲ್ಡ್ ವಿಕ್ ನಾಟಕ ಶಾಲೆಗೆ ಸೇರಿದರು. ಆಗ ಅವರಿಗೆ 33 ವರ್ಷ. ಬೇರೆ ನಟಿಯರು ಹೆಸರು ಮಾಡಿ ಮುಗಿಸುವ ವಯಸ್ಸಿನಲ್ಲಿ ಇವರು ಅಕ್ಷರಾಭ್ಯಾಸ ಮಾಡಿದರು. ಒಂದು ಋತು ಕಳೆದ ಮೇಲೆ ಮತ್ತೆ ಪಾಠ ಹೇಳಲು ವಿಂಬಲ್ಡನ್ನಿಗೇ ಮರಳಬೇಕಾಯಿತು. ಊರೂರಿನ ನಾಟಕ ಮಂಡಳಿಗಳಲ್ಲಿ ಸಿಕ್ಕ ಪಾತ್ರ ಮಾಡಿ, 1933ರಲ್ಲಿ ಲಂಡನ್ನಿನ ವೆಸ್ಟ್ ಎಂಡ್ ತಲುಪಿದರು.

1938ರ ‘ಸ್ಪ್ರಿಂಗ್ ಮೀಟಿಂಗ್’ ನಾಟಕದಲ್ಲಿ ಬಿಜು ಫರ್ಜ್ ಎಂಬ, ಗುಟ್ಟಾಗಿ ಕುದುರೆ ಜೂಜಾಡುವ ಹಿರಿಯ ಕನ್ಯೆಯ ಪಾತ್ರ ಬಂತು. ಅದರ ನಿರ್ದೇಶಕರು ಜಾನ್ ಗಿಲ್‌ಗುಡ್. ಮರುವರ್ಷ ಗಿಲ್‌ಗುಡ್ ಅವರೇ ಆಸ್ಕರ್ ವೈಲ್ಡನ ‘ದಿ ಇಂಪಾರ್ಟೆನ್ಸ್ ಆಫ್ ಬೀಯಿಂಗ್ ಅರ್ನೆಸ್ಟ್’ ನಾಟಕದಲ್ಲಿ ಇವರಿಗೆ ಗೃಹಶಿಕ್ಷಕಿ ಮಿಸ್ ಪ್ರಿಸಮ್ ಪಾತ್ರ ಕೊಟ್ಟರು. 1952ರಲ್ಲಿ ಆಂಥನಿ ಆಸ್ಕ್ವಿತ್ ಆ ನಾಟಕವನ್ನು ಸಿನಿಮಾ ಮಾಡಿದಾಗಲೂ ಅದೇ ಪಾತ್ರ. ತಾನು ಕಳೆದುಕೊಂಡಿದ್ದ ಕೈಚೀಲ ವರ್ಷಗಳ ಮೇಲೆ ಕಣ್ಣೆದುರು ಬಂದಾಗ ಮಿಸ್ ಪ್ರಿಸಮ್ ಅದನ್ನು ಗುರುತಿಸುವ ಗಳಿಗೆ ನೋಡಬೇಕು. ಒಂದು ಮಗುವನ್ನೇ ಅದಲು ಬದಲು ಮಾಡಿದ ಮಹಾಪ್ರಮಾದ ಬಯಲಾಗುತ್ತಿದೆ. ಈಕೆಯ ಮುಖದಲ್ಲಿ ಮಾತ್ರ ಹಳೆಯ ಚೀಲ ಸಿಕ್ಕ ನಿಜವಾದ ನೆಮ್ಮದಿ. ನಗು ಉಕ್ಕಿಬರುವುದು ಆ ನೆಮ್ಮದಿಯ ಪ್ರಾಮಾಣಿಕತೆಯಿಂದ.

ನಮ್ಮ ನಾಟ್ಯಶಾಸ್ತ್ರ ಹಾಸ್ಯವನ್ನು ಆತ್ಮಸ್ಥ, ಪರಸ್ಥ ಎಂದು ಎರಡು ಬಗೆ ಮಾಡುತ್ತದೆ: ತಾನು ನಗುವುದು ಒಂದು, ಪರರನ್ನು ನಗಿಸುವುದು ಇನ್ನೊಂದು. ಹಾಸ್ಯದ ವಿಭಾವಗಳಲ್ಲಿ ಮೊದಲಿಗೇ ವಿಕೃತ ವೇಷವನ್ನು ಹೇಳುತ್ತದೆ. ರುದರ್‌ಫರ್ಡ್ ಅವರ ಕಲೆಯನ್ನು ಈ ಅಳತೆಯಲ್ಲಿ ಇಟ್ಟು ನೋಡಿದರೆ ಒಂದು ವಿಶೇಷ ಕಾಣುತ್ತದೆ. ಅವರ ಪಾತ್ರಗಳು ತೆರೆಯ ಮೇಲೆ ತಮ್ಮನ್ನು ನೋಡಿ ನಗುವುದಿಲ್ಲ, ಪರರನ್ನು ನಗಿಸಲೂ ಹೊರಡುವುದಿಲ್ಲ. ವೇಷವಂತೂ ಎಷ್ಟೋ ಸಲ ವೇಷವೇ ಅಲ್ಲ: ಮಿಸ್ ಮಾರ್ಪಲ್ ಚಿತ್ರಗಳಲ್ಲಿ ತಮ್ಮ ಸ್ವಂತ ಬಟ್ಟೆಗಳನ್ನೇ ತೊಡುತ್ತೇನೆಂದು ಅವರು ಷರತ್ತು ಹಾಕಿದ್ದರು. ತಾನು ಹಾಸ್ಯನಟಿ ಎಂಬ ಭಾವನೆಯೇ ಅವರಲ್ಲಿ ಗಟ್ಟಿಯಾಗಿರಲಿಲ್ಲ. ಅವರ ಮನಸ್ಸು ಎಳೆಯುತ್ತಿದ್ದುದು ಗಂಭೀರ ಪಾತ್ರಗಳ ಕಡೆಗೆ. ಬರೀ ಗದ್ದವೊಂದರಿಂದಲೇ ಅಭಿನಯಿಸಬಲ್ಲ ನಟಿ ಎಂದು ವಿಮರ್ಶಕ ಕೆನೆತ್ ಟೈನನ್ ಮೆಚ್ಚಿದ್ದು ಪ್ರಸಿದ್ಧ. ಆದರೆ ಆ ಗದ್ದ ಅದುರುವುದು ಪ್ರೇಕ್ಷಕರಿಗಾಗಿ ಅಲ್ಲ. ಪಾತ್ರಕ್ಕೆ ಅವಮಾನವಾದಾಗ ಅದು ಮುಂದೆ ಚಾಚುತ್ತದೆ. ಪಾತ್ರ ನೊಂದಾಗ ಒಳಸರಿಯುತ್ತದೆ.

ಬಾಂಬುಗಳ ನಡುವೆ ಮದಾಮ್ ಆರ್ಕಾಟಿ

ನೋಯೆಲ್ ಕವರ್ಡ್ ‘ಬ್ಲೈಥ್ ಸ್ಪಿರಿಟ್’ ನಾಟಕವನ್ನು ಬರೆದದ್ದು 1941ರ ಮೇ ತಿಂಗಳಲ್ಲಿ, ಲಂಡನ್ ಜರ್ಮನ್ ಬಾಂಬುಗಳಿಂದ ಜರ್ಜರಿತವಾಗಿದ್ದ ಕಾಲದಲ್ಲಿ. ಜುಲೈ 2ರಂದು ಅದು ಪಿಕಡಿಲಿ ರಂಗಮಂದಿರದಲ್ಲಿ ಆರಂಭವಾಯಿತು. ಮೊದಲ ರಾತ್ರಿ ಬಂದವರು ಬಾಂಬು ಬಿದ್ದು ಕುಸಿದ ಕಟ್ಟಡದ ಅವಶೇಷಗಳ ಮೇಲೆ ಹಾಸಿದ್ದ ಹಲಗೆ ದಾಟಿ ಒಳಗೆ ಹೋಗಬೇಕಿತ್ತು. ಒಳಗೆ ನಡೆಯುತ್ತಿದ್ದುದು ಸಾವಿನ ಬಗ್ಗೆ ಒಂದು ಪ್ರಹಸನ: ಕಾದಂಬರಿಕಾರನೊಬ್ಬ ತನ್ನ ಬರವಣಿಗೆಗೆ ಸಾಮಗ್ರಿ ಬೇಕೆಂದು ಪ್ರೇತಗಳೊಡನೆ ಮಾತಾಡುವ ಮದಾಮ್ ಆರ್ಕಾಟಿಯನ್ನು ಮನೆಗೆ ಕರೆಸುತ್ತಾನೆ, ಆಕೆ ಅವನ ತೀರಿಹೋದ ಮೊದಲ ಹೆಂಡತಿಯನ್ನು ನಿಜವಾಗಿಯೂ ಕರೆತಂದುಬಿಡುತ್ತಾಳೆ. ನಾಟಕ 1,997 ಪ್ರದರ್ಶನ ಕಂಡಿತು. ಸಂಗೀತವಿಲ್ಲದ ನಾಟಕಗಳ ಮಟ್ಟಿಗೆ ವೆಸ್ಟ್ ಎಂಡ್‌ನಲ್ಲಿ ಅದು ದಾಖಲೆ. 1957ರಲ್ಲಿ ಅಗಾಥಾ ಕ್ರಿಸ್ಟಿಯ ‘ದಿ ಮೌಸ್‌ಟ್ರ್ಯಾಪ್’ ಅದನ್ನು ಮುರಿಯಿತು.

ಆರ್ಕಾಟಿಯ ಪಾತ್ರಕ್ಕೆ ರುದರ್‌ಫರ್ಡ್ ಮೊದಲು ಹಿಂಜರಿದರು. ಪ್ರೇತಸಂಪರ್ಕದಲ್ಲಿ ನಂಬಿಕೆಯಿಟ್ಟವರ ಬಗ್ಗೆ ಅವರಿಗೆ ಗೌರವವಿತ್ತು. ಅಂಥವರನ್ನು ಅಣಕಿಸುವುದು ಬೇಡವಾಗಿತ್ತು. ಕೊನೆಗೆ ಒಪ್ಪಿದಾಗ ಆ ಹೆಂಗಸನ್ನು ನಂಬಿಯೇ ಆಡಿದರು. ಆ ವರ್ಷಗಳಲ್ಲಿ ಇಂಗ್ಲೆಂಡಿನ ಎಷ್ಟು ಮನೆಗಳಲ್ಲಿ ಸಾವಾಗಿತ್ತು, ಎಷ್ಟು ಮಂದಿ ತೀರಿದವರ ಒಂದು ಮಾತಿಗಾಗಿ ಮೀಡಿಯಂಗಳ ಬಾಗಿಲು ತಟ್ಟುತ್ತಿದ್ದರು ಎಂಬುದನ್ನು ನೆನೆದರೆ ಈ ನಿಲುವಿನ ಬೆಲೆ ತಿಳಿಯುತ್ತದೆ. ನಾಟಕದ ಉಳಿದ ಪಾತ್ರಗಳು ಸಾವನ್ನು ಹಗುರವಾಗಿ ತೆಗೆದುಕೊಳ್ಳುತ್ತವೆ. ಅದನ್ನು ಗಂಭೀರವಾಗಿ ತೆಗೆದುಕೊಂಡವಳು ಎಲ್ಲರೂ ನಗುವ ಈ ಮುದುಕಿಯೊಬ್ಬಳೇ.

1945ರಲ್ಲಿ ಡೇವಿಡ್ ಲೀನ್ ಇದನ್ನು ಬಣ್ಣದಲ್ಲಿ ಚಿತ್ರಿಸಿದಾಗ ಆರ್ಕಾಟಿ ಶಾಶ್ವತವಾಗಿ ರುದರ್‌ಫರ್ಡ್ ಅವರವಳಾದಳು. ಸೈಕಲ್ ತುಳಿದುಕೊಂಡು ಬರುವ ಆಕೆಯ ಠೀವಿ, ಪ್ರೇತಾವಾಹನೆಗೆ ಮುಂಚೆ ಕೋಣೆಯಲ್ಲಿ ಕೈಬೀಸಿ ಉಸಿರು ತುಂಬಿಕೊಳ್ಳುವ ರೀತಿ, ಗ್ರಾಮೊಫೋನಿನ ಹಾಡಿಗೆ ಹೆಜ್ಜೆ ಹಾಕಿ ಹಠಾತ್ತನೆ ಮೂರ್ಛೆ ಹೋಗುವುದು, ಇವೆಲ್ಲ ಕಸುಬಿನವಳು ತನ್ನ ಕಸುಬು ಮಾಡುವ ಶ್ರದ್ಧೆಯಿಂದ ನಡೆಯುತ್ತವೆ. ತನ್ನ ವಿದ್ಯೆಯನ್ನು ಬರೀ ಮೋಜಿಗೆ ಬಳಸಿಕೊಂಡರೆಂದು ತಿಳಿದಾಗ ಆಕೆ ಸಿಡಿದೇಳುವ ದೃಶ್ಯದಲ್ಲಿ ನಮ್ಮ ಪಕ್ಷ ಬದಲಾಗುತ್ತದೆ. ಅಷ್ಟು ಹೊತ್ತು ಆತಿಥೇಯರ ಜೊತೆ ಕೂತು ನಕ್ಕ ನಾವು ಆಕೆಯ ಪರ ನಿಲ್ಲುತ್ತೇವೆ. ಒಬ್ಬ ನಟಿ ಪ್ರೇಕ್ಷಕರ ಮನಸ್ಸನ್ನು ಹೀಗೆ ತಿರುಗಿಸಿದ್ದು, ಅಭಿಮಾನಿಗಳು ಅವರನ್ನು ಮರೆಯದಿರಲು ಮೊದಲ ಕಾರಣ.

ಒಂಟಿ ಹೆಂಗಸರ ಒಂದು ತಲೆಮಾರು

ಎರಡನೆಯ ಕಾರಣ ಚರಿತ್ರೆಯಲ್ಲಿದೆ. ಮೊದಲ ಮಹಾಯುದ್ಧ ಮುಗಿದ ಮೇಲೆ 1921ರಲ್ಲಿ ಜನಗಣತಿ ನಡೆದಾಗ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಗಂಡಸರಿಗಿಂತ ಸುಮಾರು 17 ಲಕ್ಷ ಹೆಂಗಸರು ಹೆಚ್ಚಿದ್ದರು. ಪತ್ರಿಕೆಗಳು ಅವರನ್ನು ಹೆಚ್ಚುವರಿ ಹೆಂಗಸರೆಂದು ಕರೆದವು. ಮನುಷ್ಯರನ್ನು ಉಳಿಕೆ ಸರಕಿನಂತೆ ಎಣಿಸಿದ ಕ್ರೌರ್ಯ ಅದು. ಆ ಹೆಂಗಸರೇ ಶಾಲೆಗಳನ್ನು ನಡೆಸಿದರು, ಆಸ್ಪತ್ರೆಗಳಲ್ಲಿ ರಾತ್ರಿ ಪಾಳಿ ಮಾಡಿದರು, ಗ್ರಂಥಾಲಯಗಳನ್ನು ಕಾದರು, ತಮ್ಮ ತಮ್ಮಂದಿರ ಮಕ್ಕಳನ್ನು ಸಾಕಿದರು. ಮದುವೆಯಾದ ಶಿಕ್ಷಕಿ ಕೆಲಸ ಬಿಡಬೇಕೆಂಬ ನಿಯಮ ಅಲ್ಲಿ 1944ರ ಶಿಕ್ಷಣ ಕಾಯಿದೆಯವರೆಗೆ ಬಹಳ ಕಡೆ ಜಾರಿಯಲ್ಲಿತ್ತು. ಹಾಗಾಗಿ ಆ ಕಾಲದ ಮಕ್ಕಳಿಗೆ ಪಾಠ ಹೇಳಿದವರಲ್ಲಿ ಬಹುಪಾಲು ಅವಿವಾಹಿತೆಯರು. 1892ರಲ್ಲಿ ಹುಟ್ಟಿ, ಐವತ್ತು ದಾಟುವವರೆಗೆ ಒಂಟಿಯಾಗಿ ಬದುಕಿದ, ಪಿಯಾನೊ ಪಾಠದಿಂದ ಹೊಟ್ಟೆ ಹೊರೆದ ರುದರ್‌ಫರ್ಡ್ ಆ ತಲೆಮಾರಿನವರೇ.

ಬ್ರಿಟಿಷ್ ಸಿನಿಮಾ ಈ ಹೆಂಗಸರಿಗೆ ಕೊಟ್ಟ ಜಾಗ ಒಂದೇ: ವಿಚಿತ್ರ ಸ್ವಭಾವದ ಮುದುಕಿ. ರುದರ್‌ಫರ್ಡ್ ಆ ಇಕ್ಕಟ್ಟಾದ ಜಾಗವನ್ನೇ ಒಪ್ಪಿಕೊಂಡು ಒಳಗಿನಿಂದ ಅಗಲ ಮಾಡಿದರು. 1949ರ ‘ಪಾಸ್‌ಪೋರ್ಟ್ ಟು ಪಿಮ್ಲಿಕೊ’ದಲ್ಲಿ ಅವರು ಪ್ರೊಫೆಸರ್ ಹ್ಯಾಟನ್ ಜೋನ್ಸ್. ಬಾಂಬಿನ ಹೊಂಡದಲ್ಲಿ ಸಿಕ್ಕ ಹಳೆಯ ದಾಖಲೆಯನ್ನು ಓದಿ, ಲಂಡನ್ನಿನ ಆ ಬಡಾವಣೆ ಕಾನೂನಿನ ಪ್ರಕಾರ ಇನ್ನೂ ಬರ್ಗಂಡಿಗೆ ಸೇರಿದ್ದೆಂದು ಸಾರುವ ಇತಿಹಾಸಕಾರ್ತಿ. ವಿದ್ವತ್ತಿನ ಸಂಭ್ರಮ ಒಂದು ಮುಖದಲ್ಲಿ ಹೇಗೆ ಕುಣಿಯುತ್ತದೆಂದು ತಿಳಿಯಬೇಕಾದವರು ಆ ದೃಶ್ಯ ನೋಡಬೇಕು. 1950ರ ‘ದಿ ಹ್ಯಾಪಿಯೆಸ್ಟ್ ಡೇಸ್ ಆಫ್ ಯುವರ್ ಲೈಫ್’ನಲ್ಲಿ ಅವರು ಹೆಣ್ಣುಮಕ್ಕಳ ಶಾಲೆಯ ಮುಖ್ಯೋಪಾಧ್ಯಾಯಿನಿ ಮಿಸ್ ವಿಚರ್ಚ್. ಕಚೇರಿಯ ತಪ್ಪಿನಿಂದ ಇಡೀ ಶಾಲೆಯನ್ನು ಗಂಡುಮಕ್ಕಳ ಶಾಲೆಯೊಂದಕ್ಕೆ ಕಳಿಸಿಬಿಟ್ಟಿದ್ದಾರೆ. ಅಲ್ಲಿನ ಮುಖ್ಯೋಪಾಧ್ಯಾಯ ಅಲಸ್ಟೇರ್ ಸಿಮ್. ಇಬ್ಬರು ಮಹಾನ್ ಕಲಾವಿದರು ಒಂದು ಕಟ್ಟಡಕ್ಕಾಗಿ ನಡೆಸುವ ಆ ಕಾಳಗದಲ್ಲಿ ಮಿಸ್ ವಿಚರ್ಚ್ ಒಂದು ಅಂಗುಲವೂ ಹಿಂದೆ ಸರಿಯುವುದಿಲ್ಲ. ತನ್ನ ಹುಡುಗಿಯರ ಹೊಣೆ ತನ್ನದು ಎಂಬ ಒಂದೇ ಮಾತು ಆಕೆಯ ಮೈಯೆಲ್ಲ ತುಂಬಿದೆ. ಆ ಚಿತ್ರ ನೋಡಿದ ಪ್ರತಿಯೊಬ್ಬರಿಗೂ ತಮ್ಮ ಶಾಲೆಯ ಯಾವುದೋ ಟೀಚರು ನೆನಪಾಗಿರಬೇಕು.

ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1957ರ ‘ದಿ ಸ್ಮಾಲೆಸ್ಟ್ ಶೋ ಆನ್ ಅರ್ತ್’. ಮುಚ್ಚುವ ಸ್ಥಿತಿಗೆ ಬಂದ ಸಣ್ಣ ಥಿಯೇಟರೊಂದು ಯುವ ದಂಪತಿಗೆ ಆಸ್ತಿಯಾಗಿ ಬರುತ್ತದೆ. ಅದರ ಜೊತೆಗೆ ಮೂವರು ಹಳೆಯ ನೌಕರರು: ಟಿಕೆಟ್ ಕೊಡುವ ಮಿಸೆಸ್ ಫಜಾಕಲಿಯಾಗಿ ರುದರ್‌ಫರ್ಡ್, ಪ್ರೊಜೆಕ್ಟರ್ ನಡೆಸುವವನಾಗಿ ಪೀಟರ್ ಸೆಲರ್ಸ್, ಬಾಗಿಲು ಕಾಯುವವನಾಗಿ ಬರ್ನಾರ್ಡ್ ಮೈಲ್ಸ್. ಒಂದು ರಾತ್ರಿ ಆಟ ಮುಗಿದ ಮೇಲೆ ಯಾರಿಗೂ ಹೇಳದೆ ಈ ಮೂವರು ತಮಗಾಗಿಯೇ ಒಂದು ಹಳೆಯ ಮೂಕಿ ಚಿತ್ರ ಹಾಕಿಕೊಳ್ಳುತ್ತಾರೆ. ಪ್ರೊಜೆಕ್ಟರಿನವನು ರೀಲು ತಿರುಗಿಸುತ್ತಾನೆ, ಮಿಸೆಸ್ ಫಜಾಕಲಿ ತೆರೆಯ ಕೆಳಗಿನ ಪಿಯಾನೊ ಮುಂದೆ ಕೂತು ಚಿತ್ರಕ್ಕೆ ತಕ್ಕಂತೆ ನುಡಿಸುತ್ತಾಳೆ. ಅಲ್ಲಿಯವರೆಗೆ ನಗೆಗೆ ಗುರಿಯಾಗಿದ್ದ ಮೂವರು ಮುದುಕರ ಕಲೆ, ಕಸುಬು, ಕಳೆದುಹೋದ ಕಾಲ ಎಲ್ಲವೂ ಆ ಕೆಲವು ನಿಮಿಷಗಳಲ್ಲಿ ತೆರೆದುಕೊಳ್ಳುತ್ತವೆ. ವಿಂಬಲ್ಡನ್ನಿನ ಪಿಯಾನೊ ಟೀಚರು ಅಲ್ಲಿ ಅಭಿನಯಿಸಬೇಕಾದದ್ದು ಬಹಳ ಕಡಿಮೆ ಇತ್ತು.

ಇದು ಮಿಸ್ ಮಾರ್ಪಲ್ ಹೌದೆ?

ಅಭಿಮಾನಿಗಳ ನಡುವೆ ಇವತ್ತಿಗೂ ಬಿಸಿಬಿಸಿ ಚರ್ಚೆಯಾಗುವ ಪ್ರಶ್ನೆ ಇದು. ಅಗಾಥಾ ಕ್ರಿಸ್ಟಿಯ ಪತ್ತೇದಾರಿ ಮಿಸ್ ಮಾರ್ಪಲ್ ಬಡಕಲು ದೇಹದ, ಮೆಲುದನಿಯ, ಹೆಣಿಗೆ ಹೆಣೆಯುತ್ತ ಮೂಲೆಯಲ್ಲಿ ಕೂತು ಲೋಕವನ್ನು ಅಳೆಯುವ ಹಳ್ಳಿಯ ಹಿರಿಯಳು. 1961ರಿಂದ 1964ರವರೆಗೆ ಜಾರ್ಜ್ ಪೊಲಾಕ್ ನಿರ್ದೇಶನದಲ್ಲಿ ರುದರ್‌ಫರ್ಡ್ ಆಡಿದ ನಾಲ್ಕು ಚಿತ್ರಗಳ ಮಾರ್ಪಲ್ ಕುದುರೆ ಹತ್ತುತ್ತಾಳೆ, ಟ್ವಿಸ್ಟ್ ನೃತ್ಯ ಮಾಡುತ್ತಾಳೆ, ಕೊಲೆಗಾರನೊಡನೆ ಕತ್ತಿ ಹಿಡಿದು ಹೋರಾಡುತ್ತಾಳೆ. ಮೊದಲನೆಯದು ‘ಮರ್ಡರ್ ಶಿ ಸೆಡ್’. ಅದು ಕ್ರಿಸ್ಟಿಯ ‘4.50 ಫ್ರಮ್ ಪ್ಯಾಡಿಂಗ್ಟನ್’ ಕಾದಂಬರಿಯ ರೂಪಾಂತರ. ಕಾದಂಬರಿಯಲ್ಲಿ ಪಕ್ಕದ ರೈಲಿನಲ್ಲಿ ಕೊಲೆ ನಡೆಯುವುದನ್ನು ನೋಡುವವಳು ಮಾರ್ಪಲ್‌ಳ ಗೆಳತಿ, ಶಂಕಿತರ ಮನೆಗೆ ಕೆಲಸಕ್ಕೆ ಸೇರುವವಳು ಇನ್ನೊಬ್ಬ ತರುಣಿ. ಚಿತ್ರದಲ್ಲಿ ಎರಡನ್ನೂ ಮಾರ್ಪಲ್ ತಾನೇ ಮಾಡುತ್ತಾಳೆ. ಎರಡನೆಯದೂ ಮೂರನೆಯದೂ ಮೂಲದಲ್ಲಿ ಕ್ರಿಸ್ಟಿಯ ಇನ್ನೊಬ್ಬ ಪತ್ತೇದಾರ ಎರ್ಕ್ಯೂಲ್ ಪ್ವಾರೊನ ಕಥೆಗಳು. ನಾಲ್ಕನೆಯ ‘ಮರ್ಡರ್ ಅಹಾಯ್’ಗೆ ಕ್ರಿಸ್ಟಿಯ ಯಾವ ಕಾದಂಬರಿಯೂ ಆಧಾರವಲ್ಲ.

ಕ್ರಿಸ್ಟಿಗೆ ಈ ಚಿತ್ರಗಳು ಹಿಡಿಸಲಿಲ್ಲ. ಲೇಖಕಿಯಾಗಿ ಅವರ ಆಕ್ಷೇಪ ನ್ಯಾಯವಾದದ್ದು. ಅವರ ಪಾತ್ರದ ಮೌನ ಶಕ್ತಿ ಈ ಗದ್ದಲದಲ್ಲಿ ಕಳೆದುಹೋಗಿದೆ. ಮೂಲಕ್ಕೆ ಹತ್ತಿರವಾದ ಮಾರ್ಪಲ್ ಬೇಕೆನ್ನುವವರಿಗೆ 1984ರಿಂದ 1992ರವರೆಗೆ ಬಿಬಿಸಿ ತಯಾರಿಸಿದ ಜೋನ್ ಹಿಕ್ಸನ್ ಅವರ ಸರಣಿ ಇದೆ. ವಿಶೇಷವೆಂದರೆ ‘ಮರ್ಡರ್ ಶಿ ಸೆಡ್’ನಲ್ಲಿ ಮಿಸೆಸ್ ಕಿಡ್ಡರ್ ಆಗಿ ರುದರ್‌ಫರ್ಡ್ ಎದುರು ನಿಂತವರು ಇದೇ ಜೋನ್ ಹಿಕ್ಸನ್. ಚಿತ್ರಗಳನ್ನು ಮೆಚ್ಚದ ಕ್ರಿಸ್ಟಿ 1962ರ ‘ದಿ ಮಿರರ್ ಕ್ರ್ಯಾಕ್ಡ್ ಫ್ರಮ್ ಸೈಡ್ ಟು ಸೈಡ್’ ಎಂಬ ಮಾರ್ಪಲ್ ಕಾದಂಬರಿಯನ್ನು ಮಾರ್ಗರೆಟ್ ರುದರ್‌ಫರ್ಡ್ ಅವರಿಗೇ ಮೆಚ್ಚುಗೆಯಿಂದ ಅರ್ಪಿಸಿದರು. ಪಾತ್ರ ತನ್ನ ಕೈತಪ್ಪಿದ್ದನ್ನು ಬಲ್ಲ ಲೇಖಕಿಯೇ ನಟಿಯ ಮುಂದೆ ತಲೆಬಾಗಿದ ಮೇಲೆ ಈ ವಾದಕ್ಕೆ ನನ್ನ ತೀರ್ಪು ಸರಳ: ಹಿಕ್ಸನ್ ಕ್ರಿಸ್ಟಿಯ ಮಾರ್ಪಲ್, ರುದರ್‌ಫರ್ಡ್ ಸಿನಿಮಾದ ಮಾರ್ಪಲ್. ಇಬ್ಬರನ್ನೂ ಪ್ರೀತಿಸಲು ಅಡ್ಡಿಯಿಲ್ಲ.

ಕಥೆ ಏನೇ ಆಗಿರಲಿ, ಈ ನಾಲ್ಕು ಚಿತ್ರಗಳ ನಡುಗಂಬ ಒಂದೇ. ಪೊಲೀಸ್ ಇನ್‌ಸ್ಪೆಕ್ಟರ್ ಮುದುಕಿಯ ಮಾತು ನಂಬುವುದಿಲ್ಲ, ಮುದುಕಿ ಬಿಡುವುದಿಲ್ಲ. ‘ಮರ್ಡರ್ ಮೋಸ್ಟ್ ಫೌಲ್’ ಶುರುವಾಗುವುದೇ ಉಳಿದ ಜ್ಯೂರಿಗಳೆಲ್ಲ ಆರೋಪಿ ತಪ್ಪಿತಸ್ಥನೆಂದಾಗ ಮಾರ್ಪಲ್ ಒಬ್ಬಳೇ ಒಪ್ಪದೆ ಕೂರುವುದರಿಂದ. ಅರವತ್ತೊಂಬತ್ತನೆಯ ವಯಸ್ಸಿನಲ್ಲಿ ಈ ಚಿತ್ರಗಳನ್ನು ಆರಂಭಿಸಿದ ನಟಿ, ವಯಸ್ಸಾದ ಹೆಂಗಸಿನ ಕಣ್ಣು ಕಂಡದ್ದು ಸತ್ಯ ಎಂಬುದನ್ನು ನಾಲ್ಕು ಸಲ ಸಾಧಿಸಿ ತೋರಿಸಿದರು. ಮನೆಯಲ್ಲಿ, ಕಚೇರಿಯಲ್ಲಿ ತನ್ನ ಮಾತಿಗೆ ಕಿವಿಗೊಡುವವರಿಲ್ಲ ಎಂದು ನೊಂದ ಯಾರೇ ಆಗಲಿ, ಆ ಕೇಪು ಹೊದ್ದ ಹೆಂಗಸು ಇನ್‌ಸ್ಪೆಕ್ಟರನ ಕಚೇರಿಗೆ ನುಗ್ಗುವುದನ್ನು ನೋಡಿ ಮನಸ್ಸಿನಲ್ಲೇ ಚಪ್ಪಾಳೆ ತಟ್ಟಿರುತ್ತಾರೆ.

ಮಿಸ್ಟರ್ ಸ್ಟ್ರಿಂಜರ್

ಈ ಚಿತ್ರಗಳಲ್ಲಿ ಕ್ರಿಸ್ಟಿಯ ಪುಸ್ತಕಗಳಲ್ಲಿಲ್ಲದ ಒಂದು ಪಾತ್ರವಿದೆ: ಗ್ರಂಥಪಾಲಕ ಮಿಸ್ಟರ್ ಸ್ಟ್ರಿಂಜರ್. ಮಾರ್ಪಲ್‌ಳ ಜೊತೆ ಅಂಜುತ್ತ ಅಳುಕುತ್ತ ಹೋಗುವ, ಆದರೆ ಒಂದು ಸಲವೂ ಕೈಬಿಡದ ಗೆಳೆಯ. ಆ ಪಾತ್ರ ಮಾಡಿದವರು ಸ್ಟ್ರಿಂಜರ್ ಡೇವಿಸ್, ರುದರ್‌ಫರ್ಡ್ ಅವರ ಪತಿ. ಗಂಡನಿಗೂ ಪಾತ್ರ ಬೇಕೆಂಬುದು ನಟಿಯ ಇನ್ನೊಂದು ಷರತ್ತಾಗಿತ್ತು. ಇಬ್ಬರ ಸ್ನೇಹ ಬಹಳ ಹಳೆಯದು. ಡೇವಿಸ್ ಅವರ ತಾಯಿಗೆ ಈ ಸಂಬಂಧ ಒಪ್ಪಿಗೆಯಿರಲಿಲ್ಲ; ಆಕೆ ತೀರಿಕೊಂಡ ಮೇಲೆ, 1945ರಲ್ಲಿ ಮದುವೆಯಾಯಿತು. ಆಗ ವಧುವಿಗೆ 52 ವರ್ಷ. ಅಲ್ಲಿಂದ ಮುಂದೆ ಡೇವಿಸ್ ಅವರ ಕಾರ್ಯದರ್ಶಿ, ಸಂಗಾತಿ, ಶುಶ್ರೂಷಕ ಎಲ್ಲವೂ ಆದರು. ಅವರ ಎಷ್ಟೋ ಚಿತ್ರಗಳಲ್ಲಿ ಸಣ್ಣ ಸಣ್ಣ ಪಾತ್ರಗಳಲ್ಲಿ ಕಾಣಿಸಿಕೊಂಡರು.

ಮೊದಲ ಎರಡು ಚಿತ್ರಗಳ ಕೊನೆಯಲ್ಲಿ ಶ್ರೀಮಂತ ಗಂಡಸೊಬ್ಬ ಮಿಸ್ ಮಾರ್ಪಲ್‌ಗೆ ಮದುವೆಯ ಪ್ರಸ್ತಾಪ ಮಾಡುತ್ತಾನೆ. ಒಮ್ಮೆ ಜೇಮ್ಸ್ ರಾಬರ್ಟ್‌ಸನ್ ಜಸ್ಟಿಸ್, ಇನ್ನೊಮ್ಮೆ ರಾಬರ್ಟ್ ಮಾರ್ಲಿ. ಎರಡು ಸಲವೂ ಆಕೆ ಮರ್ಯಾದೆಯಿಂದ ಬೇಡವೆಂದು ಹೇಳಿ ಸ್ಟ್ರಿಂಜರ್ ಜೊತೆ ಹೊರಟುಬಿಡುತ್ತಾಳೆ. ಪಕ್ಕದಲ್ಲಿ ನಡೆಯುತ್ತಿರುವ ಈ ಸಾಧು ಮನುಷ್ಯ ನಿಜಜೀವನದಲ್ಲಿ ಅವರ ಗಂಡನೆಂದು ಬಲ್ಲ ಅಭಿಮಾನಿಗಳಿಗೆ ಆ ದೃಶ್ಯಗಳು ಇಮ್ಮಡಿ ಹಿತ. ತಡವಾಗಿ ಕೂಡಿದ ಇಬ್ಬರ ಪರಸ್ಪರ ನಿಷ್ಠೆ ತೆರೆಯ ಮೇಲೆ ಹಾಗೇ ಉಳಿದುಕೊಂಡಿದೆ. ಅದಕ್ಕೇ ಅಭಿಮಾನಿಗಳು ಈಕೆಯನ್ನು ಒಬ್ಬಳನ್ನೇ ನೆನೆಯುವುದಿಲ್ಲ, ಇಬ್ಬರನ್ನೂ ಜೋಡಿಯಾಗಿ ನೆನೆಯುತ್ತಾರೆ.

ಬೆಳಕಿಗೆ ಬಾರದಿದ್ದ ದುಃಖ

ರುದರ್‌ಫರ್ಡ್ ಅವರ ತಂದೆ ವಿಲಿಯಂ ರುದರ್‌ಫರ್ಡ್ ಬೆನ್. 1883ರಲ್ಲಿ, ತೀವ್ರವಾದ ಮನೋವಿಕಾರದ ಸ್ಥಿತಿಯಲ್ಲಿ, ಅವರು ತಮ್ಮ ತಂದೆ ಪಾದ್ರಿ ಜೂಲಿಯಸ್ ಬೆನ್ ಅವರನ್ನು ಕೊಂದರು. ಅಪರಾಧವೆಸಗಿದ ಮನೋರೋಗಿಗಳ ಬ್ರಾಡ್‌ಮೂರ್ ಆಸ್ಪತ್ರೆಯಲ್ಲಿ ವರ್ಷಗಳನ್ನು ಕಳೆದು, 1890ರಲ್ಲಿ ಬಿಡುಗಡೆಯಾದ ಮೇಲೆ ಬೆನ್ ಎಂಬ ಕುಲನಾಮ ಬಿಟ್ಟರು. ಮಗಳು ಹುಟ್ಟಿದ ಮೇಲೆ ಸಂಸಾರ ಮದ್ರಾಸಿಗೆ ಬಂತು. ಅಲ್ಲೇ ತಾಯಿ ಫ್ಲಾರೆನ್ಸ್ ಗರ್ಭಿಣಿಯಾಗಿದ್ದಾಗ ಆತ್ಮಹತ್ಯೆ ಮಾಡಿಕೊಂಡರು. ಮೂರು ವರ್ಷದ ಮಾರ್ಗರೆಟ್‌ಳನ್ನು ಇಂಗ್ಲೆಂಡಿಗೆ ಕಳಿಸಲಾಯಿತು. ತಂದೆಯೂ ತೀರಿಹೋದರೆಂದೇ ಮಗುವಿಗೆ ಹೇಳಿದ್ದರು. 1903ರಲ್ಲಿ ತಂದೆ ಮತ್ತೆ ಬ್ರಾಡ್‌ಮೂರ್ ಸೇರಿದರು. 1921ರಲ್ಲಿ ಅಲ್ಲೇ ಕೊನೆಯುಸಿರೆಳೆದರು. ಸತ್ಯ ತಿಳಿದಾಗ ಮಾರ್ಗರೆಟ್ ಇನ್ನೂ ಹುಡುಗಿ. ಅದೇ ಕಾಯಿಲೆ ತನಗೂ ಬರಬಹುದೆಂಬ ಭಯ ಅವರನ್ನು ಜೀವನದುದ್ದಕ್ಕೂ ಕಾಡಿತು. ಖಿನ್ನತೆಗಾಗಿ ಅನೇಕ ಸಲ ಚಿಕಿತ್ಸೆ ಪಡೆದರು. ಅವರ ತಂದೆಯ ಅಣ್ಣತಮ್ಮಂದಿರ ಕವಲಿನಲ್ಲಿ ಹುಟ್ಟಿದವರು ವಿಲಿಯಂ ವೆಜ್‌ವುಡ್ ಬೆನ್. ಉಪ್ಪಿನ ಸತ್ಯಾಗ್ರಹದ ಕಾಲದಲ್ಲಿ ಲಂಡನ್ನಿನಲ್ಲಿ ಭಾರತ ಸಚಿವರಾಗಿದ್ದವರು ಅವರೇ. ಹಾಗೆ ಎರಡು ಎಳೆಗಳಲ್ಲಿ ಈ ಮನೆತನದ ಕಥೆ ನಮ್ಮ ನೆಲವನ್ನು ಮುಟ್ಟುತ್ತದೆ.

ಕೊಲೆಯ ಕಥೆಗಳಲ್ಲಿ ಅಭಿನಯಿಸಲು ರುದರ್‌ಫರ್ಡ್ ಮೊದಲು ಏಕೆ ಹಿಂಜರಿದರು ಎಂಬುದು ಈ ಹಿನ್ನೆಲೆ ತಿಳಿದ ಮೇಲೆ ಅರ್ಥವಾಗುತ್ತದೆ. ಅವರು ಬದುಕಿದ್ದಾಗ ಸಾಮಾನ್ಯ ಪ್ರೇಕ್ಷಕರಿಗೆ ಇದು ಗೊತ್ತಿರಲಿಲ್ಲ. ಅವರು ತೀರಿಕೊಂಡು ಹತ್ತು ವರ್ಷಗಳ ಮೇಲೆ ಬಂದ ಜೀವನಚರಿತ್ರೆಗಳಿಂದ ವಿಷಯ ಹರಡಿತು. ಅಭಿಮಾನಿಗಳ ದೊಡ್ಡತನ ಕಂಡದ್ದು ಆಗ. ರಹಸ್ಯವನ್ನು ಅವರು ರೋಚಕ ಸುದ್ದಿಯಾಗಿ ಚಪ್ಪರಿಸಲಿಲ್ಲ, ನಟಿಯನ್ನು ಅಯ್ಯೋ ಪಾಪವೆಂದು ಕುಗ್ಗಿಸಲೂ ಇಲ್ಲ. ಇಷ್ಟು ಭಾರ ಹೊತ್ತವರು ತೆರೆಯ ಮೇಲೆ ಅಷ್ಟು ಧೈರ್ಯವಾಗಿ ನಿಂತರಲ್ಲ ಎಂದು ಹಳೆಯ ಚಿತ್ರಗಳನ್ನೇ ಹೊಸ ಗೌರವದಿಂದ ನೋಡಿದರು. ಪ್ರೀತಿ ಗಟ್ಟಿಯಾದದ್ದು ಎಂಬುದಕ್ಕೆ ಇದಕ್ಕಿಂತ ಬೇರೆ ಪರೀಕ್ಷೆ ಬೇಕಿಲ್ಲ.

ಮನ್ನಣೆ ಮತ್ತು ಕೊನೆಯ ಪಾತ್ರಗಳು

1963ರ ‘ದಿ ವಿ.ಐ.ಪಿ.ಸ್’ ಚಿತ್ರದಲ್ಲಿ ಎಲಿಜಬೆತ್ ಟೇಲರ್, ರಿಚರ್ಡ್ ಬರ್ಟನ್ ಇದ್ದರು. ಮಂಜು ಕವಿದ ಲಂಡನ್ ವಿಮಾನ ನಿಲ್ದಾಣದಲ್ಲಿ ಸಿಕ್ಕಿಕೊಂಡ ಪ್ರಯಾಣಿಕರ ಕಥೆ. ಆ ತಾರೆಯರ ನಡುವೆ, ಪೂರ್ವಜರ ಮನೆ ಉಳಿಸಿಕೊಳ್ಳಲು ಮುಪ್ಪಿನಲ್ಲಿ ಕೆಲಸ ಹುಡುಕಿ ಅಮೆರಿಕಕ್ಕೆ ಹೊರಟ ಬ್ರೈಟನ್ನಿನ ಡಚೆಸ್ ಆಗಿ ರುದರ್‌ಫರ್ಡ್ ಬಂದರು. ವಿಮಾನದ ಭಯಕ್ಕೆ ಮಾತ್ರೆ ನುಂಗುತ್ತ, ಚೀಲ ತಡಕಾಡುತ್ತ, ಮಾನ ಬಿಡದೆ ಕೂತ ಆ ಮುದುಕಿಯ ಪಾತ್ರಕ್ಕೆ 1964ರಲ್ಲಿ ಅತ್ಯುತ್ತಮ ಪೋಷಕ ನಟಿಯ ಆಸ್ಕರ್ ಸಂದಿತು. ಆಗ ಅವರಿಗೆ 71. 1967ರಲ್ಲಿ ಡೇಮ್ ಪದವಿಯೂ ಬಂತು.

ಆದರೆ ಅವರ ಆಳ ತಿಳಿಯಬೇಕಾದವರು ಆರ್ಸನ್ ವೆಲ್ಸ್ ಅವರ ‘ಚೈಮ್ಸ್ ಅಟ್ ಮಿಡ್‌ನೈಟ್’ ನೋಡಬೇಕು. ಶೇಕ್ಸ್‌ಪಿಯರನ ಫಾಲ್‌ಸ್ಟಾಫ್ ಕಥೆ. ಹೆಂಡದಂಗಡಿಯ ಒಡತಿ ಮಿಸ್ಟ್ರೆಸ್ ಕ್ವಿಕ್ಲಿಯಾಗಿ ರುದರ್‌ಫರ್ಡ್, ಫಾಲ್‌ಸ್ಟಾಫ್ ಹೇಗೆ ಪ್ರಾಣ ಬಿಟ್ಟನೆಂದು ಹೇಳುತ್ತಾರೆ. ಕೈಯಾಡಿಸುವುದಿಲ್ಲ, ಗದ್ದ ಚಾಚುವುದಿಲ್ಲ. ಒಬ್ಬ ಸಾಮಾನ್ಯ ಹೆಂಗಸು ತಾನು ಕಂಡ ಸಾವನ್ನು ಕಂಡಹಾಗೆ ವರದಿ ಮಾಡುತ್ತಾಳೆ. ಗಂಭೀರ ಪಾತ್ರಗಳಿಗಾಗಿ ಹಂಬಲಿಸಿದ ನಟಿಗೆ ಎಪ್ಪತ್ತು ದಾಟಿದ ಮೇಲೆ ಆ ಅವಕಾಶ ಸಿಕ್ಕಿತು, ಅದು ವ್ಯರ್ಥವಾಗಲಿಲ್ಲ.

1966ರಲ್ಲಿ ಶೆರಿಡನ್ನನ ‘ದಿ ರೈವಲ್ಸ್’ ನಾಟಕದ ಮಿಸೆಸ್ ಮ್ಯಾಲಪ್ರಾಪ್ ಪಾತ್ರವನ್ನು ಅನಾರೋಗ್ಯದಿಂದ ನಡುವೆಯೇ ಬಿಡಬೇಕಾಯಿತು. ಕೊನೆಯ ವರ್ಷಗಳಲ್ಲಿ ಮರೆವಿನ ಕಾಯಿಲೆ ಆವರಿಸಿತು. ಡೇವಿಸ್ ಕೊನೆಯವರೆಗೂ ಸೇವೆ ಮಾಡಿದರು. ಹೆಂಡತಿ ತೀರಿಕೊಂಡ ಮರುವರ್ಷ ತಾವೂ ಹೋದರು. ಇಬ್ಬರ ಸಮಾಧಿ ಜೆರಾರ್ಡ್ಸ್ ಕ್ರಾಸ್ ಊರಿನ ಸೇಂಟ್ ಜೇಮ್ಸ್ ಚರ್ಚಿನಲ್ಲಿದೆ. ಲಂಡನ್ನಿನ ಕೋವೆಂಟ್ ಗಾರ್ಡನ್ನಿನಲ್ಲಿ, ನಟರ ಚರ್ಚೆಂದೇ ಹೆಸರಾದ ಸೇಂಟ್ ಪಾಲ್ಸ್‌ನಲ್ಲಿ ಅವರ ಸ್ಮರಣೆ ನಡೆದಾಗ ತೊಂಬತ್ತರ ಹೊಸ್ತಿಲಲ್ಲಿದ್ದ ಹಿರಿಯ ನಟಿ ಸಿಬಿಲ್ ಥಾರ್ನ್‌ಡೈಕ್ ಎದ್ದು ಮಾತಾಡಿದರು. ಗೆಳತಿಯ ಪ್ರತಿಭೆಯ ಜೊತೆಗೆ, ಆಕೆ ಯಾರ ಬಗ್ಗೆಯೂ ಕೆಟ್ಟ ಮಾತಾಡಿದವಳಲ್ಲ ಎಂಬುದನ್ನು ಅವರು ನೆನೆದರು. ಪಾತ್ರಗಳ ವಿಷಯದಲ್ಲೂ ರುದರ್‌ಫರ್ಡ್ ಇದೇ ನಿಯಮ ಪಾಲಿಸಿದ್ದರು ಎಂಬುದು ಈ ಉಪನ್ಯಾಸದುದ್ದಕ್ಕೂ ನಾನು ಹೇಳುತ್ತ ಬಂದ ಮಾತು.

ಬಂಧುಗಳೆ, ಅಭಿಮಾನ ಎಂದರೆ ಕೂಗಾಟ, ಕಟೌಟು, ಮೆರವಣಿಗೆ ಎಂದು ನಾವು ಬೇಗ ತೀರ್ಮಾನಿಸಿಬಿಡುತ್ತೇವೆ. ಅಭಿಮಾನಕ್ಕೆ ಇನ್ನೊಂದು ಮುಖವಿದೆ. ತೆರೆಯ ಅಂಚಿನಲ್ಲಿ ನಿಂತವರನ್ನು ಗಮನಿಸುವುದು, ಅವರ ಹೆಸರು ನೆನಪಿಡುವುದು, ಅವರ ಕೆಲಸವನ್ನು ಮುಂದಿನವರಿಗೆ ತೋರಿಸುವುದು. ರುದರ್‌ಫರ್ಡ್ ಅವರನ್ನು ಕಾಲದ ಮರೆವಿನಿಂದ ಉಳಿಸಿದವರು ಪ್ರಶಸ್ತಿ ಸಮಿತಿಗಳಿಗಿಂತ ಹೆಚ್ಚಾಗಿ ಇಂಥ ಅಭಿಮಾನಿಗಳೇ. ನಿಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಮೊದಲು ‘ಬ್ಲೈಥ್ ಸ್ಪಿರಿಟ್’ ನೋಡಿ, ಆಮೇಲೆ ‘ಮರ್ಡರ್ ಶಿ ಸೆಡ್’, ಕೊನೆಗೆ ‘ಚೈಮ್ಸ್ ಅಟ್ ಮಿಡ್‌ನೈಟ್’. ಮನೆಯ ಮಕ್ಕಳನ್ನೂ ಜೊತೆಗೆ ಕೂರಿಸಿಕೊಳ್ಳಿ. ನಿಮ್ಮ ನಿಮ್ಮ ಮೆಚ್ಚಿನ ಪೋಷಕ ನಟಿಯರ ಬಗ್ಗೆ, ಅವರು ಯಾವ ಭಾಷೆಯವರೇ ಆಗಿರಲಿ, ಅವರು ಬದುಕಿರುವಾಗಲೇ ನಾಲ್ಕು ಸಾಲು ಬರೆಯಿರಿ.